ಸೊನ್ನೆ ಗಾತ್ರದ ಫೈಲು

ದೊಡ್ಡಮ್ಮನಿಗೆ ಅಳಿಯನ ಮೇಲಿದ್ದ ತಾತ್ಸಾರ ಇಂದು ನಿನ್ನೆಯದಲ್ಲ. ತಂಗಿಯ ಮಗಳನ್ನು ಮದುವೆಯಾದ ಮೊದಲ ವಾರದಲ್ಲೇ ಅವನು ಗ್ರಂಥಾಲಯಕ್ಕೆ ಬಂದು, ಅವಳ ಯಂತ್ರದ ಕೋಣೆಯಲ್ಲಿ ನಿಂತು, "ಇದೆಲ್ಲ ತುಂಬಾ ಹಳೇದಾಯ್ತು, ದೊಡ್ಡಮ್ಮ" ಅಂದಿದ್ದ. ಹಳೆಯದು ಎಂದವನು ಆ ಯಂತ್ರದಲ್ಲಿ ಒಂದು ಫೋಲ್ಡರು ತೆರೆಯಲು ಹೋಗಿ ಮೂರು ಸಲ ಸೋತ. ಅಂದೇ ಅವಳು ಅವನನ್ನು ತೂಗಿ ಮೂಲೆಗಿಟ್ಟಳು. ಎಂಟು ವರ್ಷ ಕಳೆದರೂ ಮತ್ತೆ ತಕ್ಕಡಿ ಎತ್ತಿರಲಿಲ್ಲ.

ಗ್ರಂಥಾಲಯವೆಂದರೆ ಕಣ್ಣು ಕಾಣದವರದು. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿ ಹಿಡಿದಿಡುತ್ತಾರೆ. ಬೇಕಾದವರು ಬಂದು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳುತ್ತಾರೆ. ಇರುವುದು ಮೂರೇ ಕೋಣೆ. ಗೋಡೆಗೆ ದಪ್ಪ ಬಟ್ಟೆ ಹೊಡೆದ ಓದುವ ಕೋಣೆ, ಆರು ಬೆತ್ತದ ಕುರ್ಚಿಗಳಿರುವ ಕೇಳುವ ಕೋಣೆ, ಅವೆರಡರ ನಡುವೆ, ಓದುವ ಕೋಣೆಯ ಕಡೆಗೆ ಗಾಜಿನ ಕಿಟಕಿಯಿರುವ ಯಂತ್ರದ ಕೋಣೆ. ಓದುವವಳು ತಂಗಿ, ಯಂತ್ರ ನೋಡಿಕೊಳ್ಳುವವಳು ದೊಡ್ಡಮ್ಮ. ಹೀಗೆ ಇಪ್ಪತ್ತಾರು ವರ್ಷ ನಡೆದಿತ್ತು. ನಾಲ್ಕು ತಿಂಗಳ ಹಿಂದೆ ತಂಗಿ ತೀರಿಕೊಂಡಳು.

ಬೆಳಿಗ್ಗೆ ಯಂತ್ರದ ಗುಂಡಿ ಒತ್ತುವ ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ದೊಡ್ಡಮ್ಮನ ಹಳೆಯ ಅಭ್ಯಾಸ. ತಂಗಿ ಹೋದ ಮೇಲೆ ಆ ನೆನೆಯುವಿಕೆ ಸ್ವಲ್ಪ ಉದ್ದವಾಯಿತು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಬೈಯುವುದು ಮಾತ್ರ ಮೂರು ಕೋಣೆಗೂ ಕೇಳಿಸುತ್ತಿತ್ತು.

ತಂಗಿ ಕೊನೆಯದಾಗಿ ಓದಿದ್ದು ಒಂದು ದಪ್ಪ ಪುಸ್ತಕ, ದೋಣಿ ಕಟ್ಟುವವನೊಬ್ಬನ ಕತೆ. ಕಾಯಿಲೆ ಬಲಿತ ಮೇಲೆ ಒಂದೇ ಸಲಕ್ಕೆ ಒಂದು ಅಧ್ಯಾಯ ಓದುವ ಶಕ್ತಿ ಅವಳಿಗೆ ಉಳಿದಿರಲಿಲ್ಲ. ಹತ್ತು ನಿಮಿಷ ಓದಿ ಬೆಂಚಿನ ಮೇಲೆ ಒರಗುವಳು, ಮತ್ತೆ ಎದ್ದು ಕಾಲು ಗಂಟೆ ಓದುವಳು. ಅಧ್ಯಾಯದ ಸಂಖ್ಯೆಯನ್ನೇ ಫೈಲಿನ ಹೆಸರಾಗಿ ಇಡುವ ಗ್ರಂಥಾಲಯದ ರೂಢಿ ಅಲ್ಲಿಗೆ ನಿಂತಿತು. ಆ ಒಂದು ಪುಸ್ತಕಕ್ಕೆ ದೊಡ್ಡಮ್ಮ ಬೇರೆ ಪದ್ಧತಿ ಮಾಡಿದಳು. ಪುಸ್ತಕಕ್ಕೆ ಒಂದು ಫೋಲ್ಡರು, ಅದರೊಳಗೆ ದಿನಕ್ಕೊಂದು ಫೋಲ್ಡರು, ತಂಗಿ ಓದಲು ಕೂತ ಹೊತ್ತೇ ಫೈಲಿನ ಹೆಸರು. ಗೋಡೆಯ ಗಡಿಯಾರ ನೋಡಿ ಮೊದಲು ಗಂಟೆ, ಆಮೇಲೆ ಮೇಲೊಂದು ಕೆಳಗೊಂದು ಎರಡು ಚುಕ್ಕೆ, ಆಮೇಲೆ ನಿಮಿಷ. ಹತ್ತೂವರೆಗೆ ಕೂತರೆ ಹತ್ತು, ಎರಡು ಚುಕ್ಕೆ, ಮೂವತ್ತು. ಹೀಗೆ ತಂಗಿ ನಲವತ್ತೊಂದು ಸಲ ಕೂತಳು. ನಲವತ್ತೊಂದನೆಯ ಸಲಕ್ಕೆ ಪುಸ್ತಕ ಮುಗಿಯಿತು. ಅದಾದ ಆರನೆಯ ದಿನ ತಂಗಿಯೂ ಮುಗಿದಳು.

ಆ ಫೈಲುಗಳನ್ನು ದೊಡ್ಡಮ್ಮ ಆಮೇಲೆ ಒಂದು ಸಲವೂ ಕೇಳಲಿಲ್ಲ. ಅಲ್ಲೇ ಇವೆಯಲ್ಲ, ಎಲ್ಲಿಗೆ ಹೋಗುತ್ತವೆ, ಎಂದುಕೊಂಡು ದಿನ ದೂಡಿದಳು.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ಒಂದು ಮಾತಿಗೆ ಎರಡು ಸಲ 'ಅಪ್‌ಗ್ರೇಡ್' ಎನ್ನುವ ಮನುಷ್ಯ. ಅವರಿಗೆ ಪುಸ್ತಕವೂ ಗೊತ್ತಿರಲಿಲ್ಲ, ಯಂತ್ರವೂ ಗೊತ್ತಿರಲಿಲ್ಲ. ಎರಡರ ವಿಷಯದಲ್ಲೂ ಅಭಿಪ್ರಾಯ ಇತ್ತು. ಹಳೆಯ ಯಂತ್ರ ತೆಗೆದು ಬೇರೆ ಜಾತಿಯ ಹೊಸ ಯಂತ್ರ ತರಿಸಿದರು. ಧ್ವನಿಗಳನ್ನು ಅದರಿಂದ ಇದಕ್ಕೆ ಸಾಗಿಸಲು ಹೊರಗಿನಿಂದ ಒಬ್ಬ ತಜ್ಞನನ್ನು ಕರೆಸಿದರು. ನೋಡಿದರೆ ಅಳಿಯ.

"ನಿಮ್ಮ ಮನೆಯವರೇ ಅಲ್ವಾ, ಮೇಡಂ. ಹೊಂದಾಣಿಕೆ ಚೆನ್ನಾಗಿರುತ್ತೆ ಅಂತ," ಅಂದರು ಮ್ಯಾನೇಜರು.

"ಮನೆಯವನು ಅನ್ನೋದು ನಿಜ. ತಜ್ಞ ಅಂತ ನಿಮಗೆ ಯಾರು ಹೇಳಿದ್ರು?" ಅಂದಳು ದೊಡ್ಡಮ್ಮ. ಅಳಿಯ ಅಲ್ಲೇ ನಿಂತಿದ್ದ. ಕೇಳಿಸದವನ ಹಾಗೆ ಚೀಲದಿಂದ ವೈರು ಬಿಚ್ಚತೊಡಗಿದ.

ಕೆಲಸ ಕಷ್ಟದ್ದಲ್ಲ. ಆದರೆ ಅದರಲ್ಲಿ ಒಂದು ಎಡವಟ್ಟಿದೆ. ಹಳೆಯ ಯಂತ್ರದಲ್ಲಿ ಫೈಲಿನ ದಾರಿ, ಅಂದರೆ ಅದು ಯಾವ ಫೋಲ್ಡರಿನೊಳಗಿದೆ ಎಂಬ ವಿಳಾಸ, ಬರೆಯುವಾಗ ಒಂದು ಫೋಲ್ಡರಿಗೂ ಮುಂದಿನದಕ್ಕೂ ನಡುವೆ ಮುಂದಕ್ಕೆ ಬಾಗಿದ ಗೀಟು ಹಾಕಬೇಕು. ಹೊಸದರಲ್ಲಿ ಹಿಂದಕ್ಕೆ ಬಾಗಿದ ಗೀಟು. ದಾರಿಯ ತಲೆಯಲ್ಲಿ ಡಿಸ್ಕಿನ ಅಕ್ಷರ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಇವೆರಡನ್ನೂ ಒಂದೇ ನೊಗಕ್ಕೆ ಹೂಡುವುದು ಸ್ಕ್ರಿಪ್ಟಿನ ಕೆಲಸ. ಹಳೆಯದರಿಂದ ಒಂದೊಂದೇ ಫೈಲು ಓದಿ, ಹೊಸದರಲ್ಲಿ ಅದೇ ಹೆಸರಿನಲ್ಲಿ ಬರೆಯುತ್ತ ಹೋಗು ಎಂದು ಯಂತ್ರಕ್ಕೆ ಹೇಳುವ ಸಾಲುಗಳೇ ಸ್ಕ್ರಿಪ್ಟು.

ಅಳಿಯ ದಾರಿಗಳನ್ನೆಲ್ಲ ಗೀಟು ಸಮೇತ ಕೈಯಲ್ಲೇ ಬರೆದಿದ್ದ. ಅವನು ಬಳಸಿದ ಭಾಷೆಯಲ್ಲಿ ಹಿಂದಕ್ಕೆ ಬಾಗಿದ ಗೀಟಿನ ಪಕ್ಕದಲ್ಲಿ ಇಂಗ್ಲಿಷಿನ ಎನ್ ಅಕ್ಷರ ಬಂದರೆ ಯಂತ್ರ ಅದನ್ನು 'ಮುಂದಿನ ಸಾಲಿಗೆ ಹೋಗು' ಎಂದು ತಿಳಿಯುತ್ತದೆ. ನಾಟಕಗಳ ಫೋಲ್ಡರಿನ ಹೆಸರು ಶುರುವಾಗುವುದೇ ಆ ಅಕ್ಷರದಿಂದ. ಸೋಮವಾರ ಎಲ್ಲರೆದುರಿಗೆ ಸ್ಕ್ರಿಪ್ಟು ಓಡಿಸಿದಾಗ ದಾರಿ ನಡುವೆ ಮುರಿದುಬಿತ್ತು. ಪರದೆಯ ಮೇಲೆ ಕೆಂಪು ಸಾಲು ಬಂತು.

"ಏನಪ್ಪಾ ತಜ್ಞ, ನಾಟಕ ಎಲ್ಲಿಗೆ ಹೋಯ್ತು?"

"ಒಂದ್ನಿಮಿಷ, ದೊಡ್ಡಮ್ಮ. ಫೋಲ್ಡರು ಸಿಗ್ತಿಲ್ಲ ಅಂತಿದೆ."

"ಹೇಗೆ ಸಿಗುತ್ತೆ? ಪಾಪ, ಅದನ್ನ ಅರ್ಧ ದಾರೀಲಿ ಇಳಿಸಿ ನೀನು ಗಾಡಿ ಹೊಡ್ಕೊಂಡು ಬಂದಿದೀಯಲ್ಲ."

ಮ್ಯಾನೇಜರು ಮಧ್ಯೆ ಬಾಯಿ ಹಾಕಿದರು. "ಒಂದು ಗೀಟಿಗೆ ಇಷ್ಟು ರಾದ್ಧಾಂತ ಯಾಕೆ, ಮೇಡಂ? ಆ ಕಡೆ ಬಾಗಿದ್ರೇನು, ಈ ಕಡೆ ಬಾಗಿದ್ರೇನು? ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ."

"ನಮ್ಮ ಮನೇಲಿ ಆ ಎರಡೂ ಇವನೇ," ಅಂದಳು ದೊಡ್ಡಮ್ಮ. "ಎರಡರಿಂದಲೂ ಉಪಯೋಗ ಇಲ್ಲ."

ಬಾಗಿಲು ತೆರೆದೇ ಇತ್ತು. ಕೇಳುವ ಕೋಣೆಯಿಂದ ನಗು ಬಂತು. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಬೆತ್ತದಜ್ಜನದು. ಅವನು ಕುರ್ಚಿ ಹೆಣೆಯುವವನು, ಹುಟ್ಟಿನಿಂದ ಕಣ್ಣಿಲ್ಲ. ಆ ಕೋಣೆಯ ಆರು ಕುರ್ಚಿಯೂ ಅವನ ಕೈಯವೇ. ಯಾವುದರಲ್ಲಿ ಬೆತ್ತ ಸಡಿಲವಾದರೂ ಕೂತ ತಕ್ಷಣ ಅವನಿಗೆ ತಿಳಿಯುತ್ತಿತ್ತು, ಕೂತವರಿಗೆಲ್ಲ ಬೈಗುಳ ಬೀಳುತ್ತಿತ್ತು.

ನಗು ಕೇಳಿ ದೊಡ್ಡಮ್ಮನಿಗೆ ಹುರುಪು ಬಂತು. "ನೋಡು, ಗೀಟನ್ನ ನೀನು ಬರೀಲೇಬೇಡ. ದಾರಿ ಜೋಡಿಸೋ ಸಲಕರಣೆ ಭಾಷೆಯಲ್ಲೇ ಇದೆ. ಫೋಲ್ಡರುಗಳ ಹೆಸರು ಮಾತ್ರ ಅದರ ಕೈಗೆ ಕೊಡು. ಯಾವ ಯಂತ್ರಕ್ಕೆ ಯಾವ ಗೀಟು ಅಂತ ಅದು ನೋಡ್ಕೊಳ್ಳುತ್ತೆ. ಇದು ಮೊದಲನೇ ಪಾಠದಲ್ಲೇ ಇರುತ್ತೆ. ನಿನ್ನ ಪುಸ್ತಕದಲ್ಲಿ ಮೊದಲನೇ ಪಾಠ ಹರಿದುಹೋಗಿತ್ತೇನೋ, ಯಾರು ಕಂಡೋರು."

ಅಳಿಯನ ಕಿವಿ ಕೆಂಪಾದವು. ಕೂತು ತಿದ್ದಿದ. ಒಂದು ಗಂಟೆಯಲ್ಲಿ ನಾಟಕದ ಫೋಲ್ಡರು ಬಂದು ಸೇರಿತು. ಆದರೆ ಅವತ್ತು ಮಧ್ಯಾಹ್ನದಿಂದ ಅವನು ತನ್ನ ಪರದೆಯನ್ನು ಗೋಡೆಯ ಕಡೆಗೆ ಒಂದು ಗೇಣು ತಿರುಗಿಸಿಟ್ಟುಕೊಂಡ. ದೊಡ್ಡಮ್ಮ ಅದನ್ನೂ ನೋಡಿದಳು. ಸೋತವನ ಲಕ್ಷಣ ಎಂದುಕೊಂಡಳು.

ಮಂಗಳವಾರ ಬೆಳಿಗ್ಗೆ ಅಳಿಯ ತಾನಾಗಿ ಬಂದು ಅವಳ ಮೇಜಿನ ಮುಂದೆ ನಿಂತ.

"ದೊಡ್ಡಮ್ಮ, ಫೈಲುಗಳ ಹೆಸರಲ್ಲಿ ಏನಾದ್ರೂ ವಿಶೇಷ ಇದೆಯಾ? ನಾನು ನೋಡಿರೋದೆಲ್ಲ ಅಧ್ಯಾಯದ ನಂಬರು. ಎಲ್ಲಾ ಹಾಗೇ ತಾನೆ?"

ದೊಡ್ಡಮ್ಮನಿಗೆ ತಂಗಿಯ ಪುಸ್ತಕದ ಎರಡು ಚುಕ್ಕೆ ಆ ಕ್ಷಣಕ್ಕೆ ನೆನಪಾಗದೆ ಇರಲಿಲ್ಲ. ಹೊಸ ಜಾತಿಯ ಯಂತ್ರ ಹೆಸರಿನಲ್ಲಿ ಎರಡು ಚುಕ್ಕೆ ಒಪ್ಪುವುದಿಲ್ಲವೆಂದು ಎಲ್ಲೋ ಕೇಳಿದ್ದಳು. ಒಪ್ಪದಿದ್ದರೆ ಕೆಂಪು ಸಾಲು ಬರುತ್ತದೆ. ಕೆಂಪು ಸಾಲು ಬಂದರೆ ಇವನು ಮತ್ತೆ ಬಂದು ಕೈಕಟ್ಟಿ ನಿಲ್ಲುತ್ತಾನೆ. ಆಗ ಹೇಳಿದರಾಯಿತು. ಇನ್ನೊಂದು ಸಲ ಎಲ್ಲರಿಗೂ ಕೇಳಿಸಲಿ.

"ಕಣ್ಣಿಲ್ವಾ ನಿಂಗೆ?" ಅಂದಳು. "ನೋಡ್ಕೋ."

ಪಕ್ಕದ ಕೋಣೆಯಿಂದ ಬೆತ್ತದಜ್ಜನ ದನಿ ಬಂತು. "ಅಮ್ಮಾ, ಆ ಮಾತು ಈ ಮನೇಲಿ ಆಡಬೇಡಿ. ಇಲ್ಲಿ ಕಣ್ಣಿಲ್ಲದವರೇ ಎಲ್ಲಾ ನೆಟ್ಟಗೆ ನೋಡ್ಕೊಳ್ಳೋದು."

"ನಿಮಗಲ್ಲ ಯಜಮಾನ್ರೇ ಅಂದಿದ್ದು."

"ಗೊತ್ತು. ಕಿವಿ ಇದೆಯಲ್ಲ."

ಅಳಿಯ ಹೋಗಿ ತನ್ನ ಜಾಗದಲ್ಲಿ ಕೂತ. ಆ ದಿನವಿಡೀ ದೊಡ್ಡಮ್ಮ ಕೆಂಪು ಸಾಲಿಗೆ ಕಾದಳು. ಮಧ್ಯಾಹ್ನವಾಯಿತು, ಬರಲಿಲ್ಲ. ಸಂಜೆ ಐದಕ್ಕೆ ಅಳಿಯ ಎದ್ದು ಮೈಮುರಿದು, "ಮುಗೀತು. ಒಂದೂ ತಪ್ಪು ಬರ್ಲಿಲ್ಲ," ಅಂದ. ಅವನ ಮುಖದಲ್ಲಿ ಎರಡು ದಿನದಿಂದ ಕಾಣದ ಗೆಲುವಿತ್ತು. ದೊಡ್ಡಮ್ಮನಿಗೆ ನಿರಾಶೆಯಾಯಿತು. ಎರಡು ಚುಕ್ಕೆಯ ವಿಷಯ ಯಾರನ್ನೋ ಕೇಳಿ ಸರಿಮಾಡಿಕೊಂಡಿರಬೇಕು ಎಂದುಕೊಂಡಳು. ಹೋಗಿ ನೋಡಬಹುದಿತ್ತು. ನೋಡಿದರೆ ಆ ಹೊಸ ಯಂತ್ರದ ಪೆಟ್ಟಿಗೆಗೂ ಅದನ್ನು ತುಂಬಿಸಿದವನಿಗೂ ಮರ್ಯಾದೆ ಕೊಟ್ಟ ಹಾಗಾಗುತ್ತದೆ. ಪ್ರತಿದಿನ ಸಂಜೆ ಡಿಸ್ಕಿನಲ್ಲಿ ಎಷ್ಟು ಜಾಗ ತುಂಬಿದೆಯೆಂದು ಗೆರೆ ಹಾಕಿದ ಪುಸ್ತಕದಲ್ಲಿ ಬರೆದಿಡುವುದು ಅವಳ ನೇಮ. ಅಂದು ಹಳೆಯದರ ಅಂಕಿಯನ್ನೂ ಅಳಿಯನಿಂದ ಕೇಳಿ ತಿಳಿದ ಹೊಸದರ ಅಂಕಿಯನ್ನೂ ಅಕ್ಕಪಕ್ಕ ಬರೆದು, ಪುಸ್ತಕ ಮುಚ್ಚಿ, ಮನೆಗೆ ಹೋದಳು.

ಬುಧವಾರ ಹಳೆಯ ಯಂತ್ರ ಒಯ್ಯಲು ಗಾಡಿ ಬಂತು. ಓದುಗರ ಧ್ವನಿ ಕಟ್ಟಡದಿಂದ ಹೊರಗೆ ಹೋಗಬಾರದೆಂದು ನಿಯಮವಿತ್ತು. ಆದ್ದರಿಂದ ಒಯ್ಯುವ ಮೊದಲು ಡಿಸ್ಕುಗಳನ್ನು ಪೂರ್ತಿ ಒರೆಸಬೇಕು. ಅಳಿಯ ಮುಂದೆ ಬಂದ. "ನನ್ನ ಯಂತ್ರಕ್ಕೆ ನೀನು ಕೈ ಹಾಕಬೇಡ," ಎಂದು ದೊಡ್ಡಮ್ಮನೇ ಕೂತು ಒರೆಸಿದಳು. ಎಲ್ಲದರ ಇನ್ನೊಂದು ಪ್ರತಿ ಇಟ್ಟಿದ್ದ ಡಿಸ್ಕನ್ನೂ ಒರೆಸಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಅರ್ಧಂಬರ್ಧ ಮಾಡಿದ ಕೆಲಸ ಒಂದೂ ಇಲ್ಲ. ಒರೆಸಿದ್ದರಲ್ಲೂ ಒಂದು ಚೂರು ಉಳಿಯಲಿಲ್ಲ.

ಗುರುವಾರ ಹತ್ತು ಗಂಟೆಗೆ ಬೆತ್ತದಜ್ಜ ಬಂದ. ಕೋಲು ಮೂಲೆಗಿಟ್ಟು ಯಂತ್ರದ ಕೋಣೆಯ ಹೊಸ್ತಿಲ ಮೇಲೆ ನಿಂತ.

"ಅಮ್ಮಾ, ದೋಣಿಯವನ ಕತೆ ಇವತ್ತಾದ್ರೂ ಕೊಡ್ತೀರೋ ಇಲ್ವೋ? ನಿಮ್ಮ ತಂಗಿ ಬದುಕಿದ್ದಾಗ ಕೇಳಿದ್ದು ಅರ್ಧ. ದೋಣಿಗೆ ತಳ ಆಗಿದೆ, ಪಕ್ಕದ ಹಲಗೆ ಕೂಡಿಸಿಲ್ಲ. ನಾಲ್ಕು ತಿಂಗಳಿಂದ ನಾನು ನೀರಲ್ಲಿ ನಿಂತಿದೀನಿ."

ದಿನವೂ ನಾಳೆ ಎನ್ನುತ್ತಿದ್ದ ದೊಡ್ಡಮ್ಮ ಅಂದು ಇಲ್ಲವೆನ್ನಲಿಲ್ಲ. "ಕೂತಿರಿ, ಹಾಕ್ತೀನಿ," ಎಂದು ಹೊಸ ಪೆಟ್ಟಿಗೆಯ ಮುಂದೆ ಮೊದಲ ಸಲ ಕೂತಳು. ಕಣ್ಣು ಮುಚ್ಚಿ ದೇವರನ್ನು ನೆನೆದಳು. ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದು ಪುಸ್ತಕದ ಫೋಲ್ಡರಿಗೆ ಇಳಿದಳು. ಅಜ್ಜನಿಗೆ ಬೇಕಾದದ್ದು ನಡುವಿನ ದಿನದ್ದು. ಕೈ ಮಾತ್ರ ತಾನಾಗಿ ಕೊನೆಯ ದಿನಕ್ಕೆ ಹೋಯಿತು.

ಆ ದಿನ ತಂಗಿ ಎರಡು ಸಲ ಕೂತಿದ್ದಳು, ಹನ್ನೊಂದು ಹತ್ತಕ್ಕೆ ಒಂದು ಸಲ, ಹನ್ನೊಂದು ನಲವತ್ತಕ್ಕೆ ಒಂದು ಸಲ. ಫೋಲ್ಡರಿನಲ್ಲಿ ಇದ್ದದ್ದು ಒಂದೇ ಫೈಲು. ಹೆಸರು ಬರೀ ಹನ್ನೊಂದು. ಗಾತ್ರ ಸೊನ್ನೆ.

ಆಗ ಅವಳಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಗೆದ್ದೆ ಎಂಬ ಉಬ್ಬು. ಅದನ್ನು ಅವಳು ಮುಂದೆ ಎಷ್ಟೋ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ನೆನೆಸಿಕೊಂಡು ನಾಚಬೇಕಾಯಿತು.

"ಬಾರಪ್ಪಾ, ಬಾ ಇಲ್ಲಿ! ಮ್ಯಾನೇಜರೇ, ನೀವೂ ಬನ್ನಿ. ಒಂದೂ ತಪ್ಪು ಬರ್ಲಿಲ್ಲ ಅಂದ್ಯಲ್ಲ, ಓದು ಇದನ್ನ. ಎಷ್ಟು ಗಾತ್ರ?"

ಅಳಿಯ ಬಗ್ಗಿ ನೋಡಿದ. "ಸೊನ್ನೆ."

"ಗಟ್ಟಿಯಾಗಿ ಹೇಳು, ಅಜ್ಜನಿಗೂ ಕೇಳ್ಲಿ."

"ಸೊನ್ನೆ ಇದೆ. ತಡೀರಿ ದೊಡ್ಡಮ್ಮ, ನಾನು ನೋಡ್ತೀನಿ, ಏನಾಗಿದೆ ಅಂತ..."

"ಸೊನ್ನೇಲಿ ನೋಡೋದೇನಿದೆ? ಇಟ್ಕೊಂಡು ಪೂಜೆ ಮಾಡ್ತೀಯಾ?"

ಎನ್ನುತ್ತಲೇ ಅವಳ ಬೆರಳು ಹಳೆಯ ಎರಡಕ್ಷರದ ಆಜ್ಞೆ ಹೊಡೆದವು. ಅಳಿಸು. ಹೊಸ ಯಂತ್ರಕ್ಕೂ ಆ ಆಜ್ಞೆ ಅರ್ಥವಾಗುತ್ತಿತ್ತು. ಅದು ಏನನ್ನೂ ಕೇಳದೆ, ಏನನ್ನೂ ಹೇಳದೆ, ಹನ್ನೊಂದನ್ನು ತೆಗೆದುಹಾಕಿತು.

ದೊಡ್ಡಮ್ಮ ಹಿಂದಿನ ದಿನದ ಫೋಲ್ಡರು ತೆರೆದಳು. ಹತ್ತು, ಸೊನ್ನೆ. ಅದರ ಹಿಂದಿನ ದಿನ. ಹತ್ತು, ಸೊನ್ನೆ, ನಾಲ್ಕು, ಸೊನ್ನೆ. ಅದರ ಹಿಂದಿನದು. ಐದನೆಯ ಫೋಲ್ಡರಿಗೆ ಬರುವ ಹೊತ್ತಿಗೆ, ಹಳೆಯ ಡಿಸ್ಕನ್ನು ತನ್ನ ಕೈಯಿಂದಲೇ ಒರೆಸಿದ್ದು ಅವಳಿಗೆ ನೆನಪಾಯಿತು. ಬೆರಳು ಅಲ್ಲಿಗೇ ನಿಂತವು.

"ಹೋಗ್ಲಿ ಬಿಡಿ ಮೇಡಂ, ಒಂದು ಪುಸ್ತಕ ತಾನೆ?" ಅಂದರು ಮ್ಯಾನೇಜರು. "ಇಷ್ಟು ದೊಡ್ಡ ಅಪ್‌ಗ್ರೇಡ್‌ನಲ್ಲಿ ಇದೆಲ್ಲ ಇದ್ದದ್ದೇ. ಆ ಖಾಲಿ ಫೈಲುಗಳನ್ನೆಲ್ಲ ತೆಗೆದುಬಿಡಿ. ಮೂರು ಗಂಟೆಗೆ ಕಮಿಟಿಯವರು ಬರ್ತಾರೆ, ಲಿಸ್ಟು ನೀಟಾಗಿ ಕಾಣ್ಲಿ." ಹೇಳಿ, ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿಟ್ಟು ಹೋದರು. ಅವರಿಗೆ ಬಂದ ದುರಸ್ತಿ ಕೆಲಸ ಅದೊಂದೇ.

ಕೋಣೆಯಲ್ಲಿ ಇಬ್ಬರೇ ಉಳಿದರು. ಅಳಿಯ ಅತ್ತೆಯ ಧ್ವನಿ ಹೋಯಿತೆಂದು ತಿಳಿದು ನೆಲದ ಮೇಲೆ ಕುಕ್ಕರಿಸಿದ್ದ. ಹೊರಗಿನಿಂದ ಬೆತ್ತದಜ್ಜ ಕೂಗಿದ. "ಇನ್ನೂ ಎಷ್ಟು ಹೊತ್ತು, ಅಮ್ಮಾ?"

ದೊಡ್ಡಮ್ಮ ಏನು ಮಾಡಬೇಕೆಂದು ತಿಳಿಯದೆ ಗೆರೆ ಪುಸ್ತಕ ತೆಗೆದಳು. ಮಂಗಳವಾರದ ಎರಡು ಅಂಕಿಗಳು ಅಕ್ಕಪಕ್ಕ ಇದ್ದವು. ಹಳೆಯದರಲ್ಲಿ ತುಂಬಿದ್ದ ಜಾಗ, ಹೊಸದರಲ್ಲಿ ತುಂಬಿದ ಜಾಗ. ಕೂದಲೆಳೆಯಷ್ಟೇ ವ್ಯತ್ಯಾಸ. ತಂಗಿಯ ನಲವತ್ತೊಂದು ಓದು ಸೇರಿದರೆ ನಾಲ್ಕು ಗಿಗಾಬೈಟಿಗೆ ಕಡಿಮೆಯಿಲ್ಲ. ಅವು ಬಂದೇ ಇಲ್ಲವಾದರೆ ಹೊಸದು ಅಷ್ಟು ಹಗುರಾಗಿರಬೇಕಿತ್ತು. ಆಗಿರಲಿಲ್ಲ. ಖಾಲಿ ಚೀಲ ಇಷ್ಟು ಭಾರ ತೂಗುವುದಿಲ್ಲ.

ಎಲ್ಲೋ ಇವೆ. ಎಲ್ಲಿ ಎಂದು ಕೇಳಬೇಕಾದರೆ ಕೇಳುವುದಕ್ಕೆ ಆ ಕೋಣೆಯಲ್ಲಿ ಒಬ್ಬನೇ ಇದ್ದ. ದೊಡ್ಡಮ್ಮ ಗೆರೆ ಪುಸ್ತಕ ಮುಚ್ಚಿ ಅವನ ಕಡೆ ತಿರುಗಿದಳು.

"ನಂಗೆ ಈ ಯಂತ್ರ ಗೊತ್ತಿಲ್ಲ," ಅಂದಳು. "ಹೆಸರಲ್ಲಿ ಎರಡು ಚುಕ್ಕೆ ಇದ್ರೆ ಇದು ಏನು ಮಾಡುತ್ತೆ?"

ಅಳಿಯ ತಲೆ ಎತ್ತಿದ. "ಎರಡು ಚುಕ್ಕೆನಾ? ಅತ್ತೆಯ ಫೈಲುಗಳಲ್ಲಿ ಎರಡು ಚುಕ್ಕೆ ಇತ್ತಾ?"

"ಇತ್ತು. ಗಂಟೆ, ಎರಡು ಚುಕ್ಕೆ, ನಿಮಿಷ."

"ನೀವು ಹೇಳ್ಲೇ ಇಲ್ಲ."

"ಹೇಳ್ಲಿಲ್ಲ."

"ನಾನು ಕೇಳಿದ್ದೆ, ದೊಡ್ಡಮ್ಮ."

"ಕೇಳಿದ್ದೆ."

ಅವನು ಎದ್ದು ಕುರ್ಚಿ ಎಳೆದುಕೊಂಡು ಕೂತ. ಹಣೆ ಉಜ್ಜಿಕೊಂಡ. ಪರೀಕ್ಷೆಗೆಂದು ಎಂದೋ ಓದಿ, ಒಂದು ದಿನವೂ ಬಳಸದ ವಿಷಯವೊಂದು ಅವನ ನೆನಪಿನ ತಳದಿಂದ ಮೇಲೆದ್ದು ಬರುತ್ತಿತ್ತು.

"ಕೆಲವು ಕಡೆ ಇದು ಎರಡು ಚುಕ್ಕೆ ಬೇಡ ಅನ್ನುತ್ತೆ. ಸ್ಕ್ರಿಪ್ಟಿಂದ ಬಂದ್ರೆ ಬೇಡ ಅನ್ನಲ್ಲ. ಚುಕ್ಕೆಗಿಂತ ಮುಂಚೆ ಇರೋದನ್ನ ಫೈಲು ಅಂದ್ಕೊಳ್ಳುತ್ತೆ. ಆಮೇಲಿರೋದು ಆ ಫೈಲಿನ ಬೆನ್ನಿಗೆ ಕಟ್ಟಿದ ಜೋಳಿಗೆ ಇದ್ದ ಹಾಗೆ. ಸಾಮಾನೆಲ್ಲ ಜೋಳಿಗೇಲಿ ಇರುತ್ತೆ. ಲಿಸ್ಟಲ್ಲಿ ಮುಂದಿನ ಮೈ ಮಾತ್ರ ಕಾಣುತ್ತೆ. ಅದಕ್ಕೇ ಸೊನ್ನೆ."

"ತಪ್ಪು ಅಂತ ಹೇಳೋದೇ ಇಲ್ವಾ?"

"ಹೇಳಲ್ಲ. ಅದರ ಪ್ರಕಾರ ತಪ್ಪೇ ಆಗಿಲ್ಲ."

ಮರೆಯಲ್ಲಿರುವುದನ್ನೂ ತೋರಿಸು ಎನ್ನುವ ಆಜ್ಞೆಯೊಂದಿತ್ತು. ಅವನು ಅದನ್ನು ಹೊಡೆದ. ಹತ್ತು, ಸೊನ್ನೆ. ಅದರ ಕೆಳಗೆ ಹತ್ತು, ಎರಡು ಚುಕ್ಕೆ, ಮೂವತ್ತು. ಅದರ ಮುಂದೆ ದೊಡ್ಡದೊಂದು ಅಂಕಿ. ಅದರ ಕೆಳಗೆ ಹತ್ತು, ಎರಡು ಚುಕ್ಕೆ, ಐವತ್ತು. ಮುಂದೆ ಇನ್ನೊಂದು ಅಂಕಿ. ಸಾಲುಗಳು ಇಳಿಯುತ್ತ ಹೋದವು. ತಂಗಿ ಒರಗಿದ್ದು, ಎದ್ದದ್ದು, ನೀರು ಕುಡಿದು ಮತ್ತೆ ಕೂತದ್ದು, ಎಲ್ಲವೂ ಹೊತ್ತಿನ ಸಮೇತ ಅಲ್ಲೇ ಇತ್ತು. ದೊಡ್ಡಮ್ಮ ಬೆರಳು ಇಟ್ಟು ಎಣಿಸಿದಳು. ಮೂವತ್ತೊಂಬತ್ತು.

ಇನ್ನೊಂದು ಸಲ ಎಣಿಸಿದಳು. ಮೂವತ್ತೊಂಬತ್ತೇ.

ಅಳಿಯನಿಗೂ ಗೊತ್ತಾಯಿತು. ಹನ್ನೊಂದು ಎಂಬ ಫೈಲಿನ ಬೆನ್ನಿಗೆ ಎರಡು ಜೋಳಿಗೆ ಇದ್ದವು. ಮೈಯನ್ನು ಅಳಿಸಿದರೆ ಜೋಳಿಗೆಯೂ ಅದರೊಂದಿಗೇ ಹೋಗುತ್ತದೆ. ಅಳಿದದ್ದನ್ನು ಹುಡುಕಿ ತರುವ ಉಪಾಯವನ್ನು ಅವನು ಎರಡು ಸಲ ಮಾಡಿ ನೋಡಿದ. ಹೊಸ ಡಿಸ್ಕು ಬಿಟ್ಟ ಜಾಗವನ್ನು ಆಗಿಂದಾಗಲೇ ತೊಳೆದುಬಿಡುವ ಜಾತಿಯದು. ಏನೂ ಸಿಗಲಿಲ್ಲ.

ಈಗ ಹೇಳುತ್ತಾನೆ, ಎಂದು ದೊಡ್ಡಮ್ಮ ಕಾದಳು. ಎಂಟು ವರ್ಷದ್ದನ್ನೂ ಸೇರಿಸಿ ಹೇಳಲಿ, ಬಾಗಿಲು ತೆರೆದೇ ಇದೆ, ಎಲ್ಲರಿಗೂ ಕೇಳಿಸಲಿ. ಅವಳ ಜಾಗದಲ್ಲಿ ಅವನಿದ್ದಿದ್ದರೆ ಅವಳು ಬಿಡುತ್ತಿದ್ದಳೇ?

ಅಳಿಯ ಗಂಟಲು ಸರಿಮಾಡಿಕೊಂಡ. "ಉಳಿದಿರೋದನ್ನ ಮೊದಲು ಹೊರಗೆ ತೆಗೆಯೋಣ, ದೊಡ್ಡಮ್ಮ. ಯಾರಾದ್ರೂ ಬಂದು ಖಾಲಿ ಅಂತ ಅಳಿಸೋಕೆ ಮುಂಚೆ."

ಅಷ್ಟೇ ಅಂದ. ಯಾರಾದರೂ ಎಂದ, ನೀವು ಎನ್ನಲಿಲ್ಲ. ಆ ಮಾತಿಗೆ ಅವಳಿಗಾದ ನೋವು ಯಾವ ಬೈಗುಳಕ್ಕೂ ಆಗುತ್ತಿರಲಿಲ್ಲ.

ಇಬ್ಬರೂ ಕೂತು ಸ್ಕ್ರಿಪ್ಟು ಬರೆದರು. ಅವನು ಪರದೆಯನ್ನು ಗೋಡೆಯಿಂದ ಅವಳ ಕಡೆಗೆ ತಿರುಗಿಸಿದ. ಜೋಳಿಗೆಯಿಂದ ತೆಗೆದು ಬೇರೆ ಫೈಲಾಗಿ ಬರೆಯುವುದು, ಹೆಸರಿನಲ್ಲಿ ಎರಡು ಚುಕ್ಕೆಯ ಬದಲು ಚಿಕ್ಕ ಅಡ್ಡಗೆರೆ, ಯಾವ ಜಾತಿಯ ಯಂತ್ರಕ್ಕೂ ಅದು ಅಡ್ಡಿಯಿಲ್ಲ, ದಾರಿಯ ಗೀಟನ್ನು ಭಾಷೆಯ ಸಲಕರಣೆಗೇ ಬಿಡುವುದು, ಬರೆದ ಮೇಲೆ ಎರಡು ಕಡೆಯ ಗಾತ್ರ ಹೋಲಿಸಿ, ಒಂದು ಬೈಟು ಬೇರೆಯಾದರೂ ಅಲ್ಲೇ ನಿಲ್ಲುವುದು, ಕೊನೆಗೆ ಎಣಿಸುವುದು.

"ಎಣಿಸೋದನ್ನ ಮೊನ್ನೇನೇ ಹಾಕಿದ್ರೆ ಗೊತ್ತಾಗ್ತಿತ್ತು," ಅಂದಳು ದೊಡ್ಡಮ್ಮ, ರೂಢಿಯ ಬಲದಿಂದ.

"ಹೌದು. ಅದು ನನ್ನ ತಪ್ಪು," ಅಂದ ಅವನು.

ಒಂದು ಗಂಟೆಗೆ ಮೂವತ್ತೊಂಬತ್ತೂ ಹೊರಗೆ ಬಂದಿದ್ದವು. ಮೂರಕ್ಕೆ ಕಮಿಟಿಯವರು ಬಂದರು, ನಾಲ್ವರು, ನಾಲ್ವರ ಕೈಯಲ್ಲೂ ಒಂದೇ ಬಣ್ಣದ ಕಡತ. ಮ್ಯಾನೇಜರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಹೆಚ್ಚುಕಡಿಮೆ ಎಲ್ಲಾ ಬಂದಿದೆ ಸಾರ್. ಹೊರಗಿನ ಟೆಕ್ನಿಷಿಯನ್ನಿಂದ ಸಣ್ಣದೊಂದು ಎಡವಟ್ಟಾಗಿ ಎರಡು ಫೈಲು ಹೋಯ್ತು, ಅಷ್ಟೇ," ಅಂದರು.

ದೊಡ್ಡಮ್ಮ ಆ ಮನುಷ್ಯನನ್ನು ನೋಡಿದಳು. ಬೇರೆ ದಿನವಾಗಿದ್ದರೆ ಒಂದು ಮಾತಿನಲ್ಲಿ ಅವರನ್ನು ನೆಲಕ್ಕೆ ಒತ್ತಿಬಿಡುತ್ತಿದ್ದಳು. ಆದರೆ ಬೇರೆಯವರನ್ನು ಕೀಳಾಗಿ ನೋಡಬೇಕಾದರೆ ನಿಲ್ಲಲು ಒಂದು ಎತ್ತರ ಬೇಕು. ಅಂದು ಅವಳ ಕಾಲ ಕೆಳಗೆ ಅದು ಇರಲಿಲ್ಲ.

"ಅವನಲ್ಲ. ಅಳಿಸಿದ್ದು ನಾನು," ಅಂದಳು. "ಹೆಸರಿನ ವಿಷಯ ಅವನು ಕೇಳಿದಾಗ ಬೇಕಂತಲೇ ಹೇಳದೆ ಇದ್ದಿದ್ದೂ ನಾನೇ. ಬರ್ಕೊಳ್ಳಿ."

ನಾಲ್ವರಲ್ಲಿ ಒಬ್ಬರು ನಿಜವಾಗಿಯೂ ಬರೆದುಕೊಂಡರು. ಅಳಿಯ ಕಿಟಕಿಯ ಕಡೆ ತಿರುಗಿ ನಿಂತ.

ಮರುದಿನದಿಂದ ಬೆತ್ತದಜ್ಜ ದೋಣಿಯವನ ಕತೆ ಕೇಳತೊಡಗಿದ. ಒಂಬತ್ತು ದಿನ ಕೇಳಿದ. ದೊಡ್ಡಮ್ಮ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ತಂಗಿಯ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಹೋಗುತ್ತಿತ್ತು. ಆದರೆ ಒಂದು ಪದವನ್ನೂ ನುಂಗುತ್ತಿರಲಿಲ್ಲ. ಪುಟ ಮಗುಚುವ ಸಪ್ಪಳ. ಒಂದು ಕಡೆ ಕೆಮ್ಮು ಬಂದು, "ಅಕ್ಕ, ಇದನ್ನ ತೆಗಿಯೇ," ಎಂದು ಅವಳೇ ಹೇಳಿದ್ದಳು. ತೆಗೆದಿರಲಿಲ್ಲ. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕದವನಿಗೆ ಕಣ್ಣಿಲ್ಲವೆಂಬುದು ಆ ಹೊತ್ತಿಗೆ ಅನುಕೂಲವಾಯಿತು.

ಒಂಬತ್ತನೆಯ ದಿನ ಮೂವತ್ತೊಂಬತ್ತನೆಯದು ಮುಗಿಯಿತು. ದೋಣಿ ಸಿದ್ಧವಾಗಿತ್ತು. ದಡದಿಂದ ನೀರಿಗೆ ಇಳಿಸಿರಲಿಲ್ಲ.

"ಮುಂದೆ?" ಅಂದ ಬೆತ್ತದಜ್ಜ.

"ಮುಂದೆ ಇಲ್ಲ, ಯಜಮಾನ್ರೇ. ಎರಡು ಓದು ಇತ್ತು, ಹದಿನೇಳು ಪುಟ. ನಾನು ಅಳಿಸಿಬಿಟ್ಟೆ."

"ಅವತ್ತು ಸೊನ್ನೆ ಸೊನ್ನೆ ಅಂತ ಕುಣಿದ್ರಲ್ಲ, ಅದೇನಾ?"

"ಅದೇ."

ಅಜ್ಜ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಕುರ್ಚಿಯ ಬೆತ್ತದ ಮೇಲೆ ಬೆರಳಾಡಿಸಿ ಒಂದು ಸಡಿಲ ಎಳೆ ಹುಡುಕಿ ಒಳಗೆ ಸೇರಿಸಿದ.

"ಕಾಗದದ ಪುಸ್ತಕ ಇದೆಯಾ?"

"ಇದೆ."

"ಮತ್ತೆ? ಕಣ್ಣಿಲ್ವಾ ನಿಮ್ಗೆ? ಓದಿ."

ದೊಡ್ಡಮ್ಮ ಇಪ್ಪತ್ತಾರು ವರ್ಷದಲ್ಲಿ ಓದುವ ಕೋಣೆಯ ಆ ಸ್ಟೂಲಿನ ಮೇಲೆ ಒಂದು ದಿನವೂ ಕೂತವಳಲ್ಲ. ತಂಗಿಗೆ ಬಿಡುವಿಲ್ಲದಾಗ ಆಗೀಗ ಓದಲು ಬಂದವರ ದನಿಗಳನ್ನು ಗಾಜಿನ ಈಚೆಯಿಂದ ಆಡಿಕೊಳ್ಳುತ್ತಿದ್ದಳು: ಒಬ್ಬಳದು ತುಕ್ಕು ಹಿಡಿದ ಕೀಲು, ಇನ್ನೊಬ್ಬನದು ಬಾಯಿತುಂಬ ಅಕ್ಕಿ. ತನ್ನ ದನಿ ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಹೋಗಿ ಕೂತಳು. ತಂಗಿ ಗುರುತಿಗೆಂದು ಇಟ್ಟ ಚೀಟಿ ಪುಸ್ತಕದಲ್ಲಿ ಹಾಗೇ ಇತ್ತು. ಗಾಜಿನ ಆಚೆ ಈಗ ಅಳಿಯ ಕೂತಿದ್ದ, ಅವನ ಪಕ್ಕದಲ್ಲಿ ಹೆಡ್‌ಫೋನು ಹಾಕಿಕೊಂಡು ಬೆತ್ತದಜ್ಜ.

"ಫೈಲಿಗೆ ಏನು ಹೆಸರಿಡ್ಲಿ, ದೊಡ್ಡಮ್ಮ?"

ಅವಳು ಗೋಡೆಯ ಗಡಿಯಾರ ನೋಡಿದಳು. "ಹತ್ತು, ಅಡ್ಡಗೆರೆ, ಇಪ್ಪತ್ತೆರಡು. ಅಡ್ಡಗೆರೆ ಇಟ್ಯಾ? ತೋರಿಸು."

ಅವನು ಪರದೆಯನ್ನು ಗಾಜಿಗೆ ತಿರುಗಿಸಿ ತೋರಿಸಿದ.

ದೊಡ್ಡಮ್ಮ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಓದತೊಡಗಿದಳು. ಎರಡನೆಯ ಸಾಲಿನಲ್ಲೇ ಪದವೊಂದು ತಪ್ಪಿತು. ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಅಲ್ಪವಿರಾಮದಲ್ಲಿ ಓಡಿದಳು, ಪೂರ್ಣವಿರಾಮದಲ್ಲಿ ಎಡವಿದಳು. ಮೊದಲ ಪುಟ ಮುಗಿಸಿ ತಲೆಯೆತ್ತಿದಾಗ, ಗಾಜಿನಾಚೆ ಬೆತ್ತದಜ್ಜ ಹೆಡ್‌ಫೋನಿನ ಒಂದು ಕಿವಿ ಎತ್ತಿ ಹಿಡಿದು ಅಳಿಯನಿಗೆ ಏನೋ ಹೇಳುತ್ತಿದ್ದ. ಅಳಿಯ ಗುಂಡಿ ಒತ್ತಿ ಅವಳ ಕಿವಿಗೂ ಕೇಳಿಸುವಂತೆ ಮಾಡಿದ.

"ಎಣ್ಣೆ ಕಾಣದ ಗಾಣ ತಿರುಗಿದ ಹಾಗಿದೆ," ಅನ್ನುತ್ತಿದ್ದ ಅಜ್ಜ. "ನಿಲ್ಲಿಸಬೇಡಿ ಅಂತ ಹೇಳು. ದೋಣಿ ಇನ್ನೂ ದಡದ ಮೇಲಿದೆ."

ದೊಡ್ಡಮ್ಮ ಪುಟ ಮಗುಚಿದಳು.